ಬೇರೆಯವರ ಮದುವೆಗೆ ಕಿಲ್ಟಾ, ಸೂಟಾ?

ಎಲ್ಲರಿಗೂ ನಮಸ್ಕಾರ. ಈ ವಿಷಯದ ಮೇಲೆ ಅರ್ಧ ಗಂಟೆ ಮಾತಾಡಿ ಅಂದಾಗ ನಾನು ನಕ್ಕುಬಿಟ್ಟೆ. ಆದರೆ ಇಲ್ಲಿ ಕೂತಿರುವವರಲ್ಲಿ ಸುಮಾರು ಜನ, ಅದರಲ್ಲೂ ಹೊಸದಾಗಿ ಕೆಲಸಕ್ಕೋ ಓದಿಗೋ ಸ್ಕಾಟ್ಲೆಂಡಿಗೆ ಬಂದವರು, ನನಗೆ ಫೋನ್ ಮಾಡಿ ಕೇಳಿರುವುದು ಇದೇ ಪ್ರಶ್ನೆ. ಆಫೀಸಿನ ಗೆಳೆಯನ ಮದುವೆ ಸಾರ್, ಕರೆದಿದ್ದಾನೆ, ಕಿಲ್ಟ್ ಹಾಕ್ಕೊಂಡು ಹೋದರೆ ತಪ್ಪು ತಿಳ್ಕೋತಾರಾ, ಸೂಟ್ ಹಾಕ್ಕೊಂಡು ಹೋದರೆ ಮಂಕಾಗಿ ಕಾಣ್ತೀನಾ, ಅಂತ. ಕಿಲ್ಟ್ ಅಂದರೆ ಇಲ್ಲಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ, ಮಂಡಿವರೆಗಿನ ನಿರಿಗೆ ಬಟ್ಟೆ.

ನಾನು ಬಟ್ಟೆಯ ಪಂಡಿತನಲ್ಲ. ಗ್ಲಾಸ್ಗೋದಲ್ಲಿ ಹನ್ನೊಂದು ವರ್ಷ ಆಯಿತು, ಒಂಬತ್ತು ಸ್ಕಾಟಿಷ್ ಮದುವೆ ಉಂಡಿದ್ದೇನೆ. ಐದಕ್ಕೆ ಸೂಟು, ನಾಲ್ಕಕ್ಕೆ ಕಿಲ್ಟು. ಎರಡರಲ್ಲೂ ಎಡವಟ್ಟು ಮಾಡಿಕೊಂಡಿದ್ದೇನೆ. ಆ ಅರ್ಹತೆಯ ಮೇಲೆ ಮಾತಾಡುತ್ತಿದ್ದೇನೆ ಅಷ್ಟೇ.

ದೊಡ್ಡ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ. ಮೊದಲ ಸಲ ಕಿಲ್ಟ್ ಬಾಡಿಗೆಗೆ ಹೋದಾಗ ಅಂಗಡಿಯವನು ಯಾರ ಮದುವೆ, ಯಾವತ್ತು ಅಂತ ಕೇಳಿದ. ಹೇಳಿದೆ. ಕಂಪ್ಯೂಟರ್ ನೋಡಿ, ಓ ಅವರ ಕಡೆಯವರಾ, ಅಂತ ಒಂದು ನೀಲಿ ಬೂದು ಚೌಕಳಿಯ ಕಿಲ್ಟ್ ತಂದುಕೊಟ್ಟ. ಚೆನ್ನಾಗಿದೆ ಅನಿಸಿತು, ತಗೊಂಡೆ. ಮದುವೆ ದಿನ ಹೋಗಿ ನೋಡುತ್ತೇನೆ, ಮದುಮಗ, ಅವನ ತಮ್ಮ, ಇಬ್ಬರು ಜೀವದ ಗೆಳೆಯರು, ಹುಡುಗಿಯ ಅಪ್ಪ, ಆಮೇಲೆ ನಾನು. ಆರು ಜನಕ್ಕೂ ಒಂದೇ ಬಟ್ಟೆ! ಮದುಮಗನ ಕಡೆಯವರು ಎಲ್ಲರೂ ಒಂದೇ ಟಾರ್ಟನ್, ಅಂದರೆ ಒಂದೇ ಚೌಕಳಿ ವಿನ್ಯಾಸ, ಹಾಕುವುದು ಇಲ್ಲಿ ರೂಢಿ, ಅಂಗಡಿಯವನು ನನ್ನನ್ನೂ ಆ ಲೆಕ್ಕಕ್ಕೇ ಸೇರಿಸಿದ್ದ. ಬಂದ ನೆಂಟರೆಲ್ಲ ಎಲ್ಲಿ ಕೂರಬೇಕು, ಟಾಯ್ಲೆಟ್ ಎಲ್ಲಿ ಅಂತ ನನ್ನನ್ನೇ ಕೇಳಿದರು. ಒಬ್ಬ ಅಜ್ಜಿ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಫೋಟೋಗ್ರಾಫರ್ ಅಂತೂ ನನ್ನನ್ನು ಎಳೆದುಕೊಂಡು ಹೋಗಿ ಮದುಮಗನ ಪಕ್ಕ ನಿಲ್ಲಿಸಿದ. ಆ ಮನೆಯ ಗೋಡೆ ಮೇಲೆ ಇವತ್ತಿಗೂ ನಾನಿದ್ದೇನೆ.

ಹಾಗಾಗಿ ಬಟ್ಟೆ ಯೋಚಿಸುವ ಮುಂಚೆ ಮದುಮಗನಿಗೆ ಒಂದು ಮೆಸೇಜ್ ಹಾಕಿ. ಹುಡುಗರು ಏನು ಹಾಕ್ತಿದ್ದಾರೆ, ಯಾವ ಟಾರ್ಟನ್? ಅವರೆಲ್ಲ ಕಿಲ್ಟ್ ಅಂದರೆ ನೀವೂ ಹಾಕಬಹುದು, ಆದರೆ ಬೇರೆ ಟಾರ್ಟನ್. ಅವರೇ ಸೂಟ್ ಅಂದರೆ ನೀವೂ ಸೂಟ್. ಸ್ಕಾಟ್ಲೆಂಡಿನ ಮಗ ಮದುಮಗನಾಗಿ ಪ್ಯಾಂಟ್ ಹಾಕಿ ನಿಂತಿರುವಾಗ, ತುಮಕೂರಿನಿಂದ ಬಂದ ನಾನು ಕಿಲ್ಟ್ ಬೀಸಿಕೊಂಡು ಓಡಾಡಿದರೆ ಏನು ಚೆಂದ, ಅಲ್ವಾ? ಆಮಂತ್ರಣದಲ್ಲಿ ಲೌಂಜ್ ಸೂಟ್, ಅಂದರೆ ಮಾಮೂಲಿ ಸೂಟು, ಅಂತ ಬರೆದಿದ್ದರೂ ಇಲ್ಲಿ ಕಿಲ್ಟ್‌ಗೆ ಯಾರೂ ಬೇಡ ಅನ್ನುವುದಿಲ್ಲ. ಬ್ಲ್ಯಾಕ್ ಟೈ, ಅಂದರೆ ಸಂಜೆಯ ಔಪಚಾರಿಕ ಉಡುಪು, ಅಂದರೂ ನಡೆಯುತ್ತದೆ, ಮೇಲಿನ ಕೋಟು ಬದಲಾಗಬೇಕು ಅಷ್ಟೇ. ಗಡಿ ದಾಟಿ ಇಂಗ್ಲೆಂಡಿಗೆ ಹೋದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಕಿಲ್ಟ್ ಹಾಕಿದ ಅತಿಥಿ ಅಂದರೆ ಸಂಜೆವರೆಗೂ ಎಲ್ಲರ ಕಣ್ಣು ಅವನ ಮೇಲೆ. ಮದುವೆ ನಿಮ್ಮದಲ್ಲ, ನೆನಪಿರಲಿ.

ಈಗ ಎಲ್ಲರೂ ದನಿ ತಗ್ಗಿಸಿ ಕೇಳುವ ಪ್ರಶ್ನೆಗೆ ಬರೋಣ. ನಾವು ಹಾಕಬಹುದಾ? ನಮಗೆ ಹಕ್ಕು ಇದೆಯಾ?

ಕಿಲ್ಟ್ ಅನ್ನುವ ಪದಕ್ಕೆ ಮೂಲದಲ್ಲಿ ಬಟ್ಟೆ ಅನ್ನುವ ಅರ್ಥವೇ ಇರಲಿಲ್ಲ. ಉತ್ತರ ಯುರೋಪಿನ ಹಳೇ ಭಾಷೆಗಳಿಂದ ಬಂದ ಮಾತು, ಅರ್ಥ ಎತ್ತಿ ಕಟ್ಟು ಅಂತ. ಪಂಚೆ ಎತ್ತಿ ಕಟ್ಟಿ ಗದ್ದೆಗೆ ಇಳಿದವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾ? 16ನೇ ಶತಮಾನದ ಕೊನೆಯ ಹೊತ್ತಿಗೆ ಹೈಲ್ಯಾಂಡಿನ, ಅಂದರೆ ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನ, ಗಂಡಸರು ಹಾಕುತ್ತಿದ್ದದ್ದು ಒಂದು ಉದ್ದನೆಯ ಕಂಬಳಿಯನ್ನು. ಅದನ್ನು ನಿರಿಗೆ ಹಿಡಿದು ಸೊಂಟಕ್ಕೆ ಬೆಲ್ಟ್ ಬಿಗಿದು, ಉಳಿದದ್ದನ್ನು ಹೆಗಲ ಮೇಲೆ ಎಸೆದುಕೊಳ್ಳುತ್ತಿದ್ದರು. ರಾತ್ರಿ ಅದೇ ಹೊದಿಕೆ. ಮೇಲಿನ ಭಾಗ ಕತ್ತರಿಸಿ ಸೊಂಟದ ಕೆಳಗಿನದ್ದು ಮಾತ್ರ ಉಳಿಸಿಕೊಂಡದ್ದು 18ನೇ ಶತಮಾನದಲ್ಲಿ.

ಅಷ್ಟರಲ್ಲಿ 1746 ಬಂತು. ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ, ಬ್ರಿಟನ್ನಿನ ಸಿಂಹಾಸನ ತನ್ನ ಮನೆತನದ್ದು ಅಂತ ದಂಗೆ ಎದ್ದಿದ್ದ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್‌ನ ಸೈನ್ಯ ಸೋತಿತು. ಲಂಡನ್ ಸರ್ಕಾರ ಸುಮ್ನೆ ಗೆದ್ದು ಕೂರಲಿಲ್ಲ, ಬಟ್ಟೆಯ ಮೇಲೇ ಕಾನೂನು ತಂದಿತು. 1747ರ ಆಗಸ್ಟ್ 1ರಿಂದ ಹೈಲ್ಯಾಂಡ್ ಉಡುಪು ಹಾಕಿದ ಗಂಡಸಿಗೆ ಆರು ತಿಂಗಳು ಜೈಲು. ಎರಡನೇ ಸಲ ಸಿಕ್ಕಿಬಿದ್ದರೆ ಏಳು ವರ್ಷ ಸಮುದ್ರದಾಚೆಗೆ ಗಡೀಪಾರು. ಬ್ರಿಟಿಷ್ ಸೈನ್ಯಕ್ಕೆ ಸೇರಿದವರಿಗೆ ಮಾತ್ರ ವಿನಾಯಿತಿ. ಅಂದರೆ ಅವರ ಪರವಾಗಿ ಹೊಡೆದಾಡಿದರೆ ಕಿಲ್ಟ್ ಹಾಕಬಹುದು! ಈ ಕಾನೂನು 1782ರವರೆಗೂ ಇತ್ತು. ಮೂವತ್ತೈದು ವರ್ಷ ಅಂದರೆ ಒಂದು ತಲೆಮಾರು ಆ ಬಟ್ಟೆ ಮುಟ್ಟದೆ ಬೆಳೆಯಿತು.

ತಮಾಷೆ ಏನಂದರೆ, ಆ ಕಾನೂನು ಬಂದಾಗ ಆಳುತ್ತಿದ್ದ ಅದೇ ರಾಜಮನೆತನದ ನಾಲ್ಕನೇ ಜಾರ್ಜ್ 1822ರಲ್ಲಿ ಎಡಿನ್‌ಬರಕ್ಕೆ ಬಂದಾಗ ತಾನೇ ಕಿಲ್ಟ್ ಹಾಕಿದ. ಇಡೀ ನಾಟಕದ ಸೂತ್ರಧಾರ ಕಾದಂಬರಿಕಾರ ವಾಲ್ಟರ್ ಸ್ಕಾಟ್. ರಾಜನ ಮೈ ದಪ್ಪ, ಕಿಲ್ಟ್ ಗಿಡ್ಡ, ಕೆಳಗೆ ಮೈಬಣ್ಣದ ಉದ್ದನೆಯ ಕಾಲುಚೀಲ. ಜನ ನಕ್ಕರು, ಆದರೆ ಫ್ಯಾಷನ್ ಹತ್ತಿಕೊಂಡಿತು. ಡೇವಿಡ್ ವಿಲ್ಕಿ ಅನ್ನುವ ಚಿತ್ರಕಾರ ಕಿಲ್ಟ್ ತೊಟ್ಟ ಆ ರಾಜನನ್ನು ಸಾಕಷ್ಟು ತೆಳ್ಳಗೆ ಮಾಡಿ ಬರೆದುಕೊಟ್ಟ. ಅದೇ ವಿಲ್ಕಿ 1839ರಲ್ಲಿ ಮುಗಿಸಿದ ಇನ್ನೊಂದು ದೊಡ್ಡ ಚಿತ್ರ ನಮ್ಮ ಶ್ರೀರಂಗಪಟ್ಟಣದ್ದು. 1799ರ ಮೇ 4ರ ರಾತ್ರಿ ದೀಪದ ಬೆಳಕಿನಲ್ಲಿ ಟಿಪ್ಪುವಿನ ಶವ, ಅದರ ಮುಂದೆ ನಿಂತ ಬ್ರಿಟಿಷ್ ಜನರಲ್ ಡೇವಿಡ್ ಬೇರ್ಡ್. ಬೇರ್ಡ್ ಕೂಡ ಸ್ಕಾಟಿಷ್, ಅದಕ್ಕೂ ಮುಂಚೆ ಅದೇ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದವನು. ಮದುವೆ ಬಟ್ಟೆಯ ಮಾತಿನಲ್ಲಿ ಇದೆಲ್ಲ ಯಾಕೆ ಅಂತ ನನ್ನ ಹೆಂಡತಿ ಕೇಳಿದಳು. ನನಗೂ ಉತ್ತರ ಗೊತ್ತಿಲ್ಲ, ಹೇಳದೆ ಇರೋಕಾಗಲಿಲ್ಲ.

ವಿಷಯಕ್ಕೆ ಬರುತ್ತೇನೆ. ಒಂದೊಂದು ಕುಲಕ್ಕೆ ಒಂದೊಂದು ಟಾರ್ಟನ್, ಬೇರೆಯವರು ಹಾಕಿದರೆ ಕತ್ತಿ ಹಿಡಿದು ಬರುತ್ತಾರೆ ಅನ್ನುವುದೆಲ್ಲ ಅಷ್ಟೇನೂ ಹಳೆಯ ಕಥೆಯಲ್ಲ. ಅದು ಗಟ್ಟಿಯಾದದ್ದು 19ನೇ ಶತಮಾನದಲ್ಲಿ. ಬ್ಯಾನಕ್‌ಬರ್ನ್‌ನಲ್ಲಿ ನೇಯ್ದು ಮಾರುತ್ತಿದ್ದ ವಿಲ್ಸನ್ ಮನೆತನ ಎಷ್ಟೋ ಟಾರ್ಟನ್‌ಗಳಿಗೆ ಬರೀ ನಂಬರ್ ಕೊಟ್ಟಿತ್ತು, ಹೆಸರು ಆಮೇಲೆ ಅಂಟಿಕೊಂಡವು. ಈಗ ಎಡಿನ್‌ಬರದಲ್ಲಿ ಸರ್ಕಾರದ್ದೇ ಟಾರ್ಟನ್ ನೋಂದಣಿ ಪುಸ್ತಕ ಇದೆ. 2008ರಲ್ಲಿ ಕಾನೂನು ಆಗಿ 2009ರಲ್ಲಿ ಶುರುವಾಯಿತು. ಸಿಖ್ಖರ ಸಿಂಗ್ ಟಾರ್ಟನ್ ಕೂಡ ಇದೆ. ರಾಜಮನೆತನದ ಬಾಲ್ಮೋರಲ್ ಟಾರ್ಟನ್ ಒಂದನ್ನು ಬಿಟ್ಟರೆ ಬೇರೆ ಯಾವುದನ್ನು ನೀವು ಹಾಕಿದರೂ ಬೈಯುವವರು ಇಲ್ಲ. ಸಂಕೋಚ ಆದರೆ ಬ್ಲ್ಯಾಕ್ ವಾಚ್ ಅನ್ನುವ ಟಾರ್ಟನ್ ತಗೊಳ್ಳಿ. ಕಡು ಹಸಿರು, ಕಡು ನೀಲಿ, ನಮ್ಮ ಮೈಬಣ್ಣಕ್ಕೆ ತುಂಬ ಒಪ್ಪುತ್ತದೆ. ಒಂದು ಎಚ್ಚರ ಮಾತ್ರ. ಹುಡುಗಿ ಮ್ಯಾಕ್‌ಡೊನಾಲ್ಡ್ ಮನೆಯವಳಾಗಿದ್ದರೆ ಕ್ಯಾಂಪ್‌ಬೆಲ್ ಟಾರ್ಟನ್ ಹಾಕಿಕೊಂಡು ಹೋಗಬೇಡಿ. 1692ರ ಗ್ಲೆನ್‌ಕೋ ಹತ್ಯಾಕಾಂಡದಲ್ಲಿ ಕ್ಯಾಂಪ್‌ಬೆಲ್ ಒಬ್ಬನ ದಂಡು ಅವರ ಮನೆಯಲ್ಲೇ ಅತಿಥಿಯಾಗಿ ಉಂಡು ಮಲಗಿ ಆಮೇಲೆ ಅವರನ್ನೇ ಕೊಂದಿತ್ತು. ಈಗ ನಗುತ್ತಲೇ ಹೇಳುತ್ತಾರೆ, ಆದರೆ ಹೇಳದೆ ಬಿಡುವುದಿಲ್ಲ. ಆ ಮನೆಯಲ್ಲಿ ಅತಿಥಿ ಅನ್ನುವ ಪದಕ್ಕೇ ಸ್ವಲ್ಪ ಭಾರ ಜಾಸ್ತಿ.

ಹಕ್ಕಿನ ಪ್ರಶ್ನೆ ಮುಗಿಯಿತು ಅಂದುಕೊಳ್ಳೋಣ. ನನಗೆ ನಿಜವಾಗಿ ತಲೆನೋವು ಅನಿಸುವುದು ಅರ್ಧಂಬರ್ಧ ಕಿಲ್ಟ್. ಪ್ರವಾಸಿಗರ ಅಂಗಡಿಯಲ್ಲಿ ಸಿಗುವ ತೆಳು ಅಕ್ರಿಲಿಕ್ ಬಟ್ಟೆ, ಕೆಳಗೆ ಆಫೀಸಿನ ಸಾಕ್ಸು, ಮೇಲೆ ಸೂಟಿನ ಉದ್ದನೆಯ ಕೋಟು. ಇದಕ್ಕಿಂತ ಇಸ್ತ್ರಿ ಮಾಡಿದ ಹಳೇ ಸೂಟು ನೂರು ಪಾಲು ಮೇಲು. ಸೂಟಿನ ಕೋಟು ಕಿಲ್ಟ್ ಮೇಲೆ ಹಾಕಿದರೆ ನಿರಿಗೆ ಪೂರ್ತಿ ಮುಚ್ಚಿಹೋಗುತ್ತದೆ. ಅದಕ್ಕೇ ಕಿಲ್ಟ್ ಕೋಟುಗಳು ಗಿಡ್ಡ ಇರುವುದು. ಹಗಲಿನ ಮದುವೆಗೆ ಆರ್ಗೈಲ್ ಅನ್ನುವ ಸಾದಾ ಗಿಡ್ಡ ಕೋಟು ಅಥವಾ ಟ್ವೀಡ್ ಅನ್ನುವ ಒರಟು ಉಣ್ಣೆಯ ಕೋಟು ಸಾಕು. ಪ್ರಿನ್ಸ್ ಚಾರ್ಲಿ ಅನ್ನುವ ಬೆಳ್ಳಿ ಗುಂಡಿಯ ಕೋಟು ನಿಜವಾಗಿ ಸಂಜೆಯದ್ದು, ಬಾಡಿಗೆ ಅಂಗಡಿಯವರು ಬೆಳಿಗ್ಗೆಗೂ ಅದನ್ನೇ ಕೊಡುತ್ತಾರೆ. ಅದು 20ನೇ ಶತಮಾನದ ಕೋಟು, ಹೆಸರು ಮಾತ್ರ ಕಲೋಡನ್‌ನಲ್ಲಿ ಸೋತ ಆ ಪಾಪದ ರಾಜಕುಮಾರನದ್ದು.

ಒಳ್ಳೆಯ ಕಿಲ್ಟ್‌ಗೆ ಎಂಟು ಗಜ, ಅಂದರೆ ಏಳು ಮೀಟರ್‌ಗಿಂತ ಜಾಸ್ತಿ ಉಣ್ಣೆ ಬಟ್ಟೆ ಬೇಕು. ನಮ್ಮ ಸೀರೆಗಿಂತ ಉದ್ದ. ಅಷ್ಟೂ ಹಿಂದೆ ನಿರಿಗೆಯಾಗಿ ಕೂರುತ್ತದೆ, ಮುಂದೆ ಮಾತ್ರ ಚಪ್ಪಟೆ. ಪಂಚೆ ಉಟ್ಟ ಕೈಗೆ ನಿರಿಗೆ ಮುಂದೆ ಇರಬೇಕು ಅನಿಸುವುದು ಸಹಜ, ನಾನೂ ಮೊದಲ ಸಲ ಹೊಟೆಲ್ ರೂಮಿನಲ್ಲಿ ಹಿಂದು ಮುಂದು ಸುತ್ತಿಕೊಂಡು ಹತ್ತು ನಿಮಿಷ ಕನ್ನಡಿ ನೋಡಿದೆ, ಏನೋ ಸರಿ ಇಲ್ಲ ಅಂತ ಗೊತ್ತಾಗುತ್ತಿತ್ತು, ಏನು ಅಂತ ಗೊತ್ತಾಗುತ್ತಿರಲಿಲ್ಲ. ಮೇಲಿನ ಅಂಚು ಹೊಕ್ಕುಳ ಹತ್ತಿರ ಬರಬೇಕು, ಕೆಳಗಿನ ಅಂಚು ಮಂಡಿ ಚಿಪ್ಪಿಗೆ. ಬಕಲ್ ಬಲ ಸೊಂಟದ ಮೇಲೆ. ಪಿನ್ನು ಹೊರಗಿನ ಪದರಕ್ಕೆ ಮಾತ್ರ, ಎರಡೂ ಪದರ ಸೇರಿಸಿ ಚುಚ್ಚಿದರೆ ನಡೆಯುವಾಗ ಬಟ್ಟೆ ಹರಿಯುತ್ತದೆ. ಜೇಬು ಇಲ್ಲ, ಮುಂದೆ ನೇತಾಡುವ ಸ್ಪೊರನ್ ಚೀಲವೇ ಜೇಬು. ಶೂಸಿಗೆ ನಾಲಿಗೆ ಇರುವುದಿಲ್ಲ, ಅದರ ಲೇಸನ್ನು ಕಾಲಿಗೆ ಸುತ್ತಿ ಕಟ್ಟಬೇಕು. ತುಂಬ ಮೇಲೆ ಸುತ್ತಿದರೆ ಭರತನಾಟ್ಯದ ಗೆಜ್ಜೆ ಥರ ಕಾಣುತ್ತದೆ. ಸಾಕ್ಸಿನಲ್ಲಿ ಸಿಕ್ಕಿಸುವ ಸ್ಕೀಯನ್ ಡೂ ಚೂರಿಗೆ ರಾಷ್ಟ್ರೀಯ ಉಡುಪಿನ ಭಾಗ ಅಂತ ಕಾನೂನಿನಲ್ಲೇ ವಿನಾಯಿತಿ ಇದೆ. ಆದರೆ ವಿಮಾನದ ಕೈಚೀಲದಲ್ಲಿ ಇಟ್ಟುಕೊಂಡು ಆ ಕಥೆ ಹೇಳಬೇಡಿ.

ಒಳಗೆ ಏನು? ಇದನ್ನು ಕೇಳಬೇಕು ಅಂತ ಹಿಂದಿನ ಸಾಲಿನವರು ಆಗಿನಿಂದ ಮುಸಿಮುಸಿ ನಗುತ್ತಿದ್ದೀರಿ. ಚಡ್ಡಿ ಹಾಕಿ. ಬಾಡಿಗೆ ಬಟ್ಟೆ ಅದು, ನಿಮಗಿಂತ ಮುಂಚೆ ಯಾರೋ ಹಾಕಿದ್ದರು, ನಾಳೆ ಇನ್ಯಾರೋ ಹಾಕುತ್ತಾರೆ. ಜೊತೆಗೆ ಸಂಜೆ ಕೇಲಿ ಇರುತ್ತದೆ.

ಕೇಲಿ ಅಂದರೆ ಕುಣಿತ. ನನ್ನ ಪ್ರಕಾರ ಕಿಲ್ಟ್ ಗೆಲ್ಲುವುದು ಇಲ್ಲೇ. ಗೇ ಗೋರ್ಡನ್ಸ್ ಅನ್ನುವ ಕುಣಿತ ಸ್ವಲ್ಪ ಸೌಮ್ಯ. ಸ್ಟ್ರಿಪ್ ದ ವಿಲೋ ಅನ್ನುವುದು ಕುಣಿತವೋ ಕುಸ್ತಿಯೋ ನನಗೆ ಇನ್ನೂ ಗೊತ್ತಾಗಿಲ್ಲ. ಸಾಲಿನಲ್ಲಿ ನಿಂತವರು ಒಬ್ಬೊಬ್ಬರೂ ನಿಮ್ಮ ತೋಳು ಹಿಡಿದು ಗಿರ್ರನೆ ತಿರುಗಿಸಿ ಮುಂದಿನವರಿಗೆ ಎಸೆಯುತ್ತಾರೆ. ಮೊದಲ ಮದುವೆಯಲ್ಲಿ ನಾನು ಸೂಟ್ ಹಾಕಿ ಇದಕ್ಕೆ ಇಳಿದೆ. ಮೂರನೇ ಹಾಡಿಗೆ ಅಂಗಿ ಬೆನ್ನಿಗೆ ಅಂಟಿತ್ತು, ಪ್ಯಾಂಟಿನ ಹೊಲಿಗೆ ಚರ್ ಅಂದಿತ್ತು. ಕೋಟನ್ನು ಸೊಂಟಕ್ಕೆ ಕಟ್ಟಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಕಿಲ್ಟಿನವರು ಸ್ಪೊರನ್ ಪಕ್ಕಕ್ಕೆ ಸರಿಸಿಕೊಂಡು ಆರಾಮಾಗಿ ಕುಣಿಯುತ್ತಿದ್ದರು. ಆ ನಿರಿಗೆ ಬಿಚ್ಚಿಕೊಂಡು ಛತ್ರಿಯ ಹಾಗೆ ತಿರುಗುವುದನ್ನು ನೋಡಬೇಕು, ಅದಕ್ಕೇ ಎಂಟು ಗಜ.

ಹಾಗಂತ ಸೂಟನ್ನು ಹಗುರ ಮಾಡಬೇಡಿ. ಕಡು ನೀಲಿ ಅಥವಾ ಬೂದು, ಬಿಳಿ ಅಂಗಿ, ಬೇಕಾದರೆ ಟಾರ್ಟನ್ ಟೈ. ಐದು ಮದುವೆಯಲ್ಲಿ ಒಬ್ಬರೂ ಯಾಕೆ ಸೂಟು ಅಂತ ಕೇಳಲಿಲ್ಲ. ಬಾಡಿಗೆಗೆ ಕೊಡುವ ನೂರು ಪೌಂಡ್ ಆಸುಪಾಸಿನ ದುಡ್ಡನ್ನು ಉಡುಗೊರೆಗೆ ಹಾಕಬಹುದು. ಮಗು ಎತ್ತಿಕೊಂಡು ಓಡಾಡಬೇಕಾದವರು, ನಾಲ್ಕು ಗಂಟೆ ಕಾರು ಓಡಿಸಬೇಕಾದವರು, ಮದುವೆಗೆ ಮೂರೇ ದಿನ ಉಳಿದಿರುವವರು, ಯೋಚನೆಯೇ ಬೇಡ, ಸೂಟು.

ನಮ್ಮದೇ ಪಂಚೆ ಶಲ್ಯ ಯಾಕಾಗಬಾರದು ಅಂತ ಕೆಲವರು ಕೇಳುತ್ತೀರಿ. ಆಗುತ್ತದೆ. ಹೆಂಡತಿಯರೆಲ್ಲ ರೇಷ್ಮೆ ಸೀರೆಯಲ್ಲಿ ಬರುವಾಗ ನಮಗೇ ಯಾಕೆ ಈ ಒದ್ದಾಟ ಅಂತ ನನಗೂ ಅನಿಸಿದೆ. ನಾನು ಹಾಕದೆ ಇರುವುದಕ್ಕೆ ಕಾರಣ ಮತ್ತದೇ, ಸ್ಟ್ರಿಪ್ ದ ವಿಲೋ. ಪಂಚೆಗೆ ಬಕಲ್ ಇಲ್ಲ.

ಈ ಬೇಸಿಗೆ ನನಗೆ ಎರಡು ಮದುವೆ ಇವೆ. ಒಂದು ಜೂನ್‌ನಲ್ಲಿ, ಪಶ್ಚಿಮ ಕರಾವಳಿಯ ಓಬನ್ ಹತ್ತಿರ. ಬ್ಲ್ಯಾಕ್ ವಾಚ್ ಬುಕ್ ಮಾಡಿದ್ದೇನೆ. ಜೊತೆಗೆ ಮಂಡಿಗೆ ಹಚ್ಚಲು ಮುಲಾಮು, ಯಾಕೆಂದರೆ ಆ ಕಡೆ ಗಾಳಿ ನಿಂತರೆ ಸಾಕು ಮಿಜ್ ಅನ್ನುವ ನುಸಿ ಮೋಡದ ಹಾಗೆ ಬರುತ್ತದೆ, ಬರೀ ಮಂಡಿ ಅಂದರೆ ಅದಕ್ಕೆ ಹಬ್ಬ. ಇನ್ನೊಂದು ಸೆಪ್ಟೆಂಬರ್‌ನಲ್ಲಿ ಲೀಡ್ಸ್‌ನಲ್ಲಿ, ಎರಡೂ ಕಡೆ ಇಂಗ್ಲಿಷರು. ಅಲ್ಲಿಗೆ ಅದೇ ಹಳೇ ಸೂಟು, ಪ್ಯಾಂಟಿಗೆ ಹೊಸ ಹೊಲಿಗೆ.

ಕಿಲ್ಟ್ ಬೇಕು ಅನ್ನುವವರು ಅಂಗಡಿಯವನಿಗೆ ಪ್ಯಾಂಟಿನ ಸೈಜ್ ಹೇಳಬೇಡಿ, ಅದು ಸೊಂಟದ ಕೆಳಗಿನ ಅಳತೆ. ಹೊಕ್ಕುಳ ಸುತ್ತಿನ ಅಳತೆ ಬೇಕು, ನಮ್ಮ ವಯಸ್ಸಿನವರಿಗೆ ಎರಡಕ್ಕೂ ತುಂಬ ವ್ಯತ್ಯಾಸ ಇರುತ್ತದೆ. ಟೇಪು ತಂದಿದ್ದೇನೆ. ಬೇಕಾದವರು ಈಗಲೇ ಬನ್ನಿ, ಊಟಕ್ಕೆ ಹೋಳಿಗೆ ಇದೆಯಂತೆ, ಆಮೇಲೆ ತೆಗೆದ ಅಳತೆಗೆ ನಾನು ಜವಾಬ್ದಾರನಲ್ಲ.