ಹೊಳೆ ಕಡೆ ಬಾಗಿಲಿರುವ ಊರುಗಳು

ಕೇಳುಗರಿಗೆ ನಮಸ್ಕಾರ. ಬೆಳಗಿನ ಕೆಲಸದ ನಡುವೆ ಕೇಳುತ್ತಿರುತ್ತೀರಿ, ಅದಕ್ಕೆ ಒಂದೇ ಮಾತು ಹೇಳುತ್ತೇನೆ. ಆಗ್ನೇಯ ಏಷ್ಯಾದ ಬೋರ್ನಿಯೋ ದ್ವೀಪದಲ್ಲಿ ಹೊಳೆಯೇ ರಸ್ತೆ. ಮನೆಯ ಮುಂಬಾಗಿಲು ಹೊಳೆ ಕಡೆಗೆ. ಇಷ್ಟು ನೆನಪಿಟ್ಟುಕೊಳ್ಳಿ, ಸಾಕು.

ದ್ವೀಪ ಅಂದ ಕೂಡಲೇ ಸಣ್ಣದು ಅಂದುಕೊಳ್ಳಬೇಡಿ. ಹೆಚ್ಚುಕಡಿಮೆ ನಾಲ್ಕು ಕರ್ನಾಟಕ ಹಿಡಿಸುವಷ್ಟು ನೆಲ ಅದು. ನಡುವೆ ಬೆಟ್ಟ, ಸುತ್ತ ಕಾಡು, ಸಮುದ್ರದ ಹತ್ತಿರ ಕಾಲಿಟ್ಟರೆ ಹೂತುಹೋಗುವ ಜೌಗು. ಅಲ್ಲಿ ಗಾಡಿ ಎಲ್ಲಿಂದ ಓಡಬೇಕು? ಜನ ಹೊಳೆ ಹಿಡಿದರು. ಕಾಪುವಾಸ್ ಹೊಳೆಯ ಉದ್ದ 1,143 ಕಿಲೋಮೀಟರ್, ನಮ್ಮ ಕಾವೇರಿಗಿಂತ ಜಾಸ್ತಿ. ಅದರ ದಂಡೆಯಲ್ಲಿ, ಭೂಮಧ್ಯರೇಖೆಯ ಮೇಲೆಯೇ, ಪೊಂಟಿಯಾನಕ್ ಅನ್ನುವ ಊರಿದೆ. 1771ರಲ್ಲಿ ಎರಡು ಹೊಳೆ ಕೂಡುವ ಜಾಗ ನೋಡಿ ಕಟ್ಟಿದ ಊರು.

ನನಗೆ ಬಹಳ ಇಷ್ಟದ ಊರು ಮಾತ್ರ ದ್ವೀಪದ ದಕ್ಷಿಣದ ಬಂಜರ್‌ಮಾಸಿನ್. ಸಾವಿರ ಹೊಳೆಗಳ ಊರು ಅಂತಲೇ ಅದಕ್ಕೆ ಹೆಸರು. ನಾನು ಹೋದಾಗ ಲಾಡ್ಜಿನ ಹುಡುಗನ ಹತ್ತಿರ, ಲೋಕ್ ಬೈಂತಾನ್ ಸಂತೆಗೆ ಬಸ್ಸು ಎಲ್ಲಿ ಸಿಗುತ್ತೆ ಅಂತ ಕೇಳಿದೆ. ಅವನು ನನ್ನನ್ನೇ ನೋಡಿ, ಬೆಳಗಾಗುವ ಮೊದಲೇ ದೋಣಿಕಟ್ಟೆಗೆ ಬನ್ನಿ ಅಂದ. ಹೋದೆ. ಟಕಟಕ ಸದ್ದು ಮಾಡುವ ಇಂಜಿನ್ ದೋಣಿ, ಅದನ್ನು ಕ್ಲೋತೋಕ್ ಅನ್ನುತ್ತಾರೆ. ಕತ್ತಲಲ್ಲಿ ಮಾರ್ತಾಪುರ ಹೊಳೆಯ ಮೇಲೆ ಹೊರಟೆವು. ಬೆಳಕು ಹರಿಯುವಾಗ ನೋಡುತ್ತೇನೆ, ಸುತ್ತ ಸಣ್ಣ ಸಣ್ಣ ದೋಣಿಗಳು, ಒಂದೊಂದರಲ್ಲೂ ಒಬ್ಬೊಬ್ಬ ಹೆಂಗಸು, ತಲೆ ಮೇಲೆ ಮೊರದಷ್ಟು ಅಗಲದ ಓಲೆಗರಿ ಟೋಪಿ, ಮುಂದೆ ಬಾಳೆಗೊನೆ, ಕಿತ್ತಳೆ, ಸೊಪ್ಪು. ಒಬ್ಬ ಅಜ್ಜಿ ಬಾಳೆಹಣ್ಣು ಕೊಟ್ಟು ಪಕ್ಕದ ದೋಣಿಯಿಂದ ಸೊಪ್ಪು ತಗೊಂಡರು. ದುಡ್ಡಿನ ಮಾತೇ ಇಲ್ಲ! ಆಮೇಲೆ ತಿಂಡಿ ದೋಣಿ ಬಂತು. ಉದ್ದ ಕೋಲು, ತುದಿಗೆ ಒಂದು ಮೊಳೆ. ಕೂತಲ್ಲಿಂದಲೇ ಕೋಲು ಚಾಚಿ ಬೇಕಾದ ತಿಂಡಿಗೆ ಚುಚ್ಚಿ ಎತ್ತಿಕೊಳ್ಳಬೇಕು. ತಿಂಡಿಗೆ ಅವರು ವಾಡೈ ಅನ್ನುತ್ತಾರೆ, ನನಗೆ ನಮ್ಮ ವಡೆಯೇ ನೆನಪಾಯಿತು. ವಾಪಸ್ ಬರುವಾಗ ಪ್ರತಿ ಮನೆಯೂ ಕಂಡಿತು: ಹೊಳೆಗೆ ಇಳಿಯುವ ಮರದ ಅಟ್ಟಣೆ, ಅದರ ಮೇಲೆ ಅಕ್ಕಿ ತೊಳೆಯುವ ತಾಯಿ, ಹಲ್ಲುಜ್ಜುವ ಮಗು, ಕಟ್ಟಿದ ದೋಣಿ. ನಮ್ಮ ಜಗಲಿ ಇದ್ದ ಹಾಗೆ, ಅಲ್ವಾ?

ಪಾಪ, ನೀರಲ್ಲಿ ಬದುಕುತ್ತಾರೆ ಅಂತ ಯಾರಾದರೂ ಹೇಳಿದರೆ ನನಗೆ ತಡೆಯುವುದಿಲ್ಲ. ಪಾಪ ಯಾಕೆ? ಸಮುದ್ರದ ಉಬ್ಬರ ಹೊಳೆಯೊಳಗೆ ನುಗ್ಗುತ್ತದೆ, ನೀರು ಏರುತ್ತದೆ, ಇಳಿಯುತ್ತದೆ. ಅದಕ್ಕೇ ಉಲಿನ್ ಮರದ ಕಂಬದ ಮೇಲೆ ಮನೆ. ನೀರಲ್ಲಿ ನಿಂತರೂ ಸುಲಭಕ್ಕೆ ಕೊಳೆಯದ ಮರ ಅದು. ಇನ್ನು ಕೆಲವು ಮನೆ ದಿಮ್ಮಿಗಳ ಮೇಲೆ ತೇಲುತ್ತವೆ, ನೀರಿನ ಜೊತೆ ತಾವೂ ಏರುತ್ತವೆ. ಕೆಟ್ಟದ್ದು ಶುರುವಾದದ್ದು ರಸ್ತೆ ಬಂದ ಮೇಲೆ. ಹಲವು ಮನೆಗಳು ರಸ್ತೆ ಕಡೆ ತಿರುಗಿದವು, ಹೊಳೆ ಹಿತ್ತಿಲಾಯಿತು, ಹಿತ್ತಿಲಿಗೆ ಕಸ ಬಿತ್ತು. ಸಣ್ಣ ಕಾಲುವೆಗಳು ಮುಚ್ಚಿಹೋದವು. 2021ರ ಜನವರಿಯಲ್ಲಿ ನೆರೆ ಬಂದಾಗ ಬಂಜರ್‌ಮಾಸಿನ್ ಬೀದಿಗಳಿಂದ ನೀರು ಬೇಗ ಇಳಿಯಲೇ ಇಲ್ಲ. ಹೋಗುವ ದಾರಿಯನ್ನೇ ಮುಚ್ಚಿದರೆ ಅದು ಎಲ್ಲಿ ಹೋಗಬೇಕು?

ಸಂತೆ ಕಥೆಯಲ್ಲೇ ಹೊತ್ತು ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. ಇದೇ ದ್ವೀಪದ ಬ್ರೂನೈ ದೇಶದಲ್ಲಿ ಕಂಪೋಂಗ್ ಆಯೆರ್ ಅಂತ ನೀರಿನ ಊರಿದೆ. 1521ರಲ್ಲಿ ನಾವಿಕ ಮೆಗಲನ್‌ನ ಹಡಗಿನವರು ಅಲ್ಲಿಗೆ ಬಂದಾಗ, ಇಡೀ ಊರೇ ಉಪ್ಪುನೀರಿನ ಮೇಲಿದೆ ಅಂತ ಬರೆದಿಟ್ಟರು. ಈಗಲೂ ಅಲ್ಲಿ ಶಾಲೆ, ಮಸೀದಿ ಎಲ್ಲ ಕಂಬದ ಮೇಲೆಯೇ. ದ್ವೀಪದ ಪೂರ್ವಕ್ಕೆ ಮಹಾಕಂ ಹೊಳೆ. ಅಲ್ಲಿ ಮುವಾರಾ ಕಾಮಾನ್ ಅನ್ನುವ ಕಡೆ ಅಲ್ಲಿ ಆಳಿದ ಮೂಲವರ್ಮ ರಾಜನ ಯೂಪಗಳು, ಅಂದರೆ ಶಾಸನ ಕೆತ್ತಿದ ಯಜ್ಞದ ಕಂಬಗಳು ಸಿಕ್ಕಿವೆ. ಸುಮಾರು 1,600 ವರ್ಷ ಹಳೆಯವು, ನಮ್ಮ ಹಲ್ಮಿಡಿ ಶಾಸನದ ಕಾಲಕ್ಕೆ ಹತ್ತಿರ. ಭಾಷೆ ಸಂಸ್ಕೃತ, ಲಿಪಿ ಪಲ್ಲವರದು, ಅಂದರೆ ನಮ್ಮ ಅಕ್ಷರಗಳಿಗೆ ನೆಂಟ. ದಕ್ಷಿಣ ಭಾರತದ ಆ ಅಕ್ಷರ ಅಷ್ಟು ಒಳಗಿನ ಊರಿಗೆ ಹೋದದ್ದೂ ದೋಣಿಯಲ್ಲಿ, ಹೊಳೆ ಹಿಡಿದೇ. ನಮಸ್ಕಾರ.