ಹಿಂದಿನ ಪುಟಗಳಿಂದ ಓದಿ: ಒಂದು ಜಲಜನಕ ಕಂಪನಿಯ ಲೆಕ್ಕಪತ್ರ

ಸಭಿಕರೇ,

ಬೆಂಗಳೂರಿನಲ್ಲಿ ಕುಳಿತೇ ಅಮೆರಿಕದ ಷೇರುಗಳನ್ನು ಕೊಳ್ಳುವವರು ಈ ಸಭೆಯಲ್ಲಿಯೂ ಇದ್ದೀರಿ. ಹಸಿರು ಜಲಜನಕದ ಮಾತು ಬಂದೊಡನೆ ಪ್ಲಗ್ ಪವರ್ ಕಂಪನಿಯ ಹೆಸರೆತ್ತುವವರೂ ಇದ್ದೀರಿ. ಅದನ್ನು ಕೊಳ್ಳಿ, ಬಿಡಿ ಎಂದು ನಾನು ಹೇಳುವುದಿಲ್ಲ. ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗಕ್ಕೆ ಅದು ಸಲ್ಲಿಸುವ 10-ಕೆ ಎಂಬ ವಾರ್ಷಿಕ ವರದಿಯನ್ನು, ಕ್ರಿಕೆಟ್ ಪ್ರಿಯರು ಪತ್ರಿಕೆಯನ್ನು ಕೊನೆಯ ಪುಟದಿಂದ ತೆರೆಯುವ ಹಾಗೆ, ಕೊನೆಯ ಪುಟಗಳಲ್ಲಿರುವ ಲೆಕ್ಕದ ಟಿಪ್ಪಣಿಗಳಿಂದ ಓದಿ ಎಂಬುದಷ್ಟೇ ನನ್ನ ಒತ್ತಾಯ.

ಏಕೆಂದು ಹೇಳುತ್ತೇನೆ. 2020ರಲ್ಲಿ ಈ ಕಂಪನಿಯ ಷೇರಿನ ಬೆಲೆ ಹಲವು ಪಟ್ಟು ಏರಿತು. ಅದೇ ವರ್ಷದ ಅದರ ನಿವ್ವಳ ವರಮಾನ ಸುಮಾರು ಮೈನಸ್ 9.3 ಕೋಟಿ ಡಾಲರ್. ನಷ್ಟವಲ್ಲ, ದಯವಿಟ್ಟು ಗಮನಿಸಿ, ವರಮಾನವೇ ಮೈನಸ್! ಸಂತೆಗೆ ಹೋದ ವ್ಯಾಪಾರಿ ಲಾಭವಿಲ್ಲದೆ ಮರಳುವುದನ್ನು ಕಂಡಿದ್ದೇವೆ. ಮಾರಾಟದ ಮೊತ್ತವೇ ಸೊನ್ನೆಗಿಂತ ಕೆಳಗಿಳಿಯುವುದು ಹೇಗೆ? ಉತ್ತರ ಟಿಪ್ಪಣಿಯಲ್ಲಿದೆ. 2017ರಲ್ಲಿ ಅಮೆಜಾನ್ ಮತ್ತು ವಾಲ್‌ಮಾರ್ಟ್ ತಮ್ಮ ಗೋದಾಮುಗಳಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ವಾಹನಗಳಿಗೆ ಇಂಧನಕೋಶಗಳನ್ನು, ಅಂದರೆ ಜಲಜನಕದಿಂದ ವಿದ್ಯುತ್ ತಯಾರಿಸುವ ಸಾಧನಗಳನ್ನು, ಕೊಳ್ಳಲು ಒಪ್ಪಿದಾಗ, ಕೊಳ್ಳುವಿಕೆ ಹೆಚ್ಚಿದಂತೆಲ್ಲ ಕೈಸೇರುವ ವಾರಂಟ್‌ಗಳನ್ನು, ಅಂದರೆ ನಿಗದಿತ ಬೆಲೆಗೆ ಷೇರು ಪಡೆಯುವ ಹಕ್ಕನ್ನು, ಕಂಪನಿ ಇಬ್ಬರಿಗೂ ತಲಾ ಐದೂವರೆ ಕೋಟಿ ಷೇರುಗಳಷ್ಟು ಕೊಟ್ಟಿತ್ತು. ಗಿರಾಕಿಗೆ ಕೊಟ್ಟ ಇಂಥ ಹಕ್ಕು ಲೆಕ್ಕಶಾಸ್ತ್ರದ ದೃಷ್ಟಿಯಲ್ಲಿ ರಿಯಾಯಿತಿಯೇ ಆದ್ದರಿಂದ ಅದರ ಬೆಲೆಯನ್ನು ವರಮಾನದಿಂದ ಕಳೆಯಬೇಕು. 2020ರ ಕೊನೆಯ ದಿನ ಅಮೆಜಾನ್‌ನ ಉಳಿದ ವಾರಂಟ್‌ಗಳಿಗಿದ್ದ ಷರತ್ತುಗಳನ್ನು ಕಂಪನಿ ಬಿಟ್ಟುಕೊಟ್ಟಿತು. ಷೇರು ಬೆಲೆ ಗಗನದಲ್ಲಿದ್ದ ಹೊತ್ತಿಗೆ ಹಾಗೆ ಮಾಡಿದ್ದರಿಂದ ಸುಮಾರು 40 ಕೋಟಿ ಡಾಲರ್ ಒಂದೇ ಏಟಿಗೆ ವರಮಾನದಿಂದ ಕಳೆದುಹೋಯಿತು. ಅಂಗಡಿಯವನು ಅಕ್ಕಿ ಮಾರಿ, ಜೊತೆಗೆ ಅಂಗಡಿಯ ಪಾಲನ್ನೂ ಚೀಲಕ್ಕೆ ಹಾಕಿ ಕಳಿಸಿದಂತೆ.

ಈ ಕಥೆಗೆ ನಾನು ಹೆಚ್ಚು ಸಮಯ ತೆಗೆದುಕೊಂಡೆನೆಂದು ಅಧ್ಯಕ್ಷರ ಮುಖ ಹೇಳುತ್ತಿದೆ. ಉಳಿದದ್ದನ್ನು ಬೇಗ ಮುಗಿಸುತ್ತೇನೆ.

2021ರ ಮಾರ್ಚ್‌ನಲ್ಲಿ, 2018 ಮತ್ತು 2019ರ ಲೆಕ್ಕಗಳನ್ನು ತಿದ್ದಬೇಕಾಗಿದೆಯೆಂದು ಕಂಪನಿ ತಿಳಿಸಿತು. ಇಂಥ ಮಹತ್ವದ ಘಟನೆಗಳನ್ನು ಆಯೋಗಕ್ಕೆ ತಿಳಿಸುವ ನಮೂನೆ 8-ಕೆ. ತ್ರೈಮಾಸಿಕ ವರದಿಯ ನಮೂನೆ 10-ಕ್ಯೂ. 2023ರ ನವೆಂಬರ್‌ನ 10-ಕ್ಯೂನಲ್ಲಿ, ಮುಂದಿನ ಹನ್ನೆರಡು ತಿಂಗಳು ವ್ಯವಹಾರ ನಡೆಸಿಕೊಂಡು ಹೋಗುವ ಸಾಮರ್ಥ್ಯದ ಬಗ್ಗೆ ಗಣನೀಯ ಸಂದೇಹವಿದೆ ಎಂಬ ಮಾತು ಕಾಣಿಸಿಕೊಂಡಿತು. ಷೇರು ಒಂದೇ ದಿನದಲ್ಲಿ ಸುಮಾರು ಶೇಕಡಾ 40 ಕುಸಿಯಿತು. ಅದೂ, ನೋಡಿ, ಟಿಪ್ಪಣಿಗಳಲ್ಲಿ ಬರುವ ಮಾತೇ.

2024ರ ಜನವರಿಯಲ್ಲಿ 100 ಕೋಟಿ ಡಾಲರ್‌ವರೆಗೆ ಹೊಸ ಷೇರುಗಳನ್ನು ಪೇಟೆಯ ಬೆಲೆಗೇ ಆಗಾಗ ಮಾರುವ ಒಪ್ಪಂದವಾಯಿತು. ಇಂಥದ್ದನ್ನು ಅಲ್ಲಿ ‘ಅಟ್ ದ ಮಾರ್ಕೆಟ್’, ಚಿಕ್ಕದಾಗಿ ಎಟಿಎಂ, ಎನ್ನುತ್ತಾರೆ. ಹೆಸರು ಎಷ್ಟು ಹೊಂದುತ್ತದೆಯೆಂದರೆ ನಾನು ವಿವರಿಸಬೇಕಾಗಿಯೇ ಇಲ್ಲ. 2023ರ ಕೊನೆಗೆ ಸುಮಾರು 60 ಕೋಟಿಯಿದ್ದ ಷೇರುಗಳು 2024ರ ಕೊನೆಗೆ 90 ಕೋಟಿ ದಾಟಿದ್ದವು. ನಿಮ್ಮ ಕೈಯಲ್ಲಿದ್ದ ನೂರು ಷೇರು ನೂರಾಗಿಯೇ ಉಳಿದಿರುತ್ತವೆ; ಅವು ಎಷ್ಟರಲ್ಲಿ ನೂರು ಎಂಬುದನ್ನು 10-ಕೆಯ ಮೊದಲ ಪುಟದಲ್ಲಿಯೇ ಮುದ್ರಿಸಿರುತ್ತಾರೆ. ಹಿಂದಿನಿಂದ ಓದಿ ಎಂದ ನಾನು ಮುಂದಿನಿಂದ ನೋಡಿ ಎನ್ನುವುದು ಈ ಒಂದು ಅಂಕಿಯನ್ನು ಮಾತ್ರ.