ಶೋಲಾ ಕಾಡಿನ ನೀಲಿ ಹಾಡುಹಕ್ಕಿ

ಕೇಳುಗರೆಲ್ಲರಿಗೂ ನಮಸ್ಕಾರ.

ಪಶ್ಚಿಮ ಘಟ್ಟದ ಹಕ್ಕಿಗಳ ಮಾತು ಬಂದಾಗ ಮಂಗಟ್ಟೆಯನ್ನು ನೆನೆಯದವರಿಲ್ಲ. ಆದರೆ ಅದೇ ಬೆಟ್ಟಸಾಲಿನ ಎತ್ತರದ ಕಾಡುಗಳಲ್ಲಿ ವಾಸಿಸುವ ನೀಲಗಿರಿ ಶೋಲಾಕಿಲಿಯನ್ನು ಕಂಡವರು ವಿರಳ. ಅದು ಹೆಚ್ಚುಕಡಿಮೆ ಗುಬ್ಬಚ್ಚಿಯ ಗಾತ್ರದ್ದು. ಬೆನ್ನು ಮತ್ತು ಎದೆ ಕಡುನೀಲಿ, ಪಕ್ಕೆಗಳು ಕೆಂಗಂದು, ಹೊಟ್ಟೆಯ ನಡುಭಾಗ ಬಿಳಿ. ಉದ್ದನೆಯ ಕಾಲುಗಳ ಮೇಲೆ ಕುಪ್ಪಳಿಸುತ್ತ, ತರಗೆಲೆಗಳ ನಡುವೆ ಹುಳುಹುಪ್ಪಟೆಗಳನ್ನು ಹೆಕ್ಕುವ ಈ ಹಕ್ಕಿ ನೆರಳನ್ನು ಬಿಟ್ಟು ಹೊರಬರುವುದು ಅಪರೂಪವಾದ್ದರಿಂದ, ಅದರ ಇರವು ನಮಗೆ ತಿಳಿಯುವುದು ಹೆಚ್ಚಾಗಿ ಹಾಡಿನಿಂದಲೇ.

ಬೆಟ್ಟದ ಕಣಿವೆ ಮಡಿಲುಗಳಲ್ಲಿ, ಹುಲ್ಲುಗಾವಲಿನ ನಡುವೆ ದಟ್ಟವಾಗಿ ಬೆಳೆಯುವ ಗಿಡ್ಡ ನಿತ್ಯಹರಿದ್ವರ್ಣ ಕಾಡೇ ಶೋಲಾ. ನೀಲಗಿರಿಯಲ್ಲಷ್ಟೇ ಅಲ್ಲ, ನಮ್ಮ ಬಾಬಾಬುಡನ್‌ಗಿರಿ, ಬ್ರಹ್ಮಗಿರಿ ಮತ್ತು ಬಿಳಿಗಿರಿರಂಗನ ಬೆಟ್ಟಗಳಲ್ಲಿಯೂ ಶೋಲಾಕಿಲಿಯಿದೆ. ಪಾಲಕ್ಕಾಡು ಕಣಿವೆಯನ್ನು ದಾಟಿ ದಕ್ಷಿಣಕ್ಕೆ ಹೋದರೆ ಅದು ಸಿಗುವುದಿಲ್ಲ. ಅಲ್ಲಿರುವುದು ಅದರ ದಾಯಾದಿಯಾದ ಬಿಳಿಹೊಟ್ಟೆಯ ಶೋಲಾಕಿಲಿ. ಸುಮಾರು ಮೂವತ್ತು ಕಿಲೋಮೀಟರ್ ಅಗಲದ ಆ ತಗ್ಗುಪ್ರದೇಶ ಹಾರಬಲ್ಲ ಹಕ್ಕಿಗೆ ದೊಡ್ಡ ಅಡ್ಡಿಯಾಗಲಾರದು ಎಂದು ನಮಗೆ ತೋರಬಹುದು. ಆದರೆ ತಂಪು ಕಾಡಿಗೆ ಒಗ್ಗಿದ ಈ ಜೀವಿಗೆ ಬಿಸಿಯಾದ ಬಯಲು ಕಡಲಿಗೆ ಸಮಾನ. ಲಕ್ಷಾಂತರ ವರ್ಷಗಳ ಕಾಲ ಒಂದನ್ನೊಂದು ಕೂಡದೆ ಉಳಿದುದರಿಂದಲೇ ಅವು ಬೇರೆ ಬೇರೆ ಪ್ರಭೇದಗಳಾದವು.

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಪ್ರಕೃತಿವಿಜ್ಞಾನಿ ಜೆರ್ಡನ್ ಈ ಹಕ್ಕಿಯನ್ನು ಮೊದಲು ವರ್ಣಿಸಿದಂದಿನಿಂದ ವಿದ್ವಾಂಸರು ಅದನ್ನು ಒಂದು ಕುಲದಿಂದ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನಿಂದ, ಇನ್ನೊಂದಕ್ಕೆ ಸಾಗಿಸುತ್ತಲೇ ಬಂದರು. ಹಿಮಾಲಯದ ಗಿಡ್ಡರೆಕ್ಕೆಯ ಹಕ್ಕಿಗಳ ಜೊತೆಗೂ ಅದನ್ನು ಸೇರಿಸಿದ್ದುಂಟು. ಕೊನೆಗೆ ವಂಶವಾಹಿಗಳ ಅಧ್ಯಯನದಿಂದ ಅದು ನೊಣಹಿಡುಕಗಳಿಗೆ ಹತ್ತಿರದ, ಪಶ್ಚಿಮ ಘಟ್ಟಕ್ಕಷ್ಟೇ ಸೀಮಿತವಾದ ಪ್ರತ್ಯೇಕ ವಂಶವೆಂದು ಖಚಿತವಾಗಿ, 2017ರಲ್ಲಿ ಶೋಲಿಕೋಲಾ ಎಂಬ ಹೊಸ ಕುಲವನ್ನೇ ರಚಿಸಲಾಯಿತು. ಬೇರೆಲ್ಲಿಯೂ ಇಲ್ಲದ ಒಂದು ಇಡೀ ಕುಲ ನಮ್ಮ ಬೆಟ್ಟಗಳಲ್ಲಿದೆ ಎಂಬುದು ಹುಲಿ, ಆನೆಗಳಷ್ಟೇ ಹೆಮ್ಮೆಯ ಸಂಗತಿಯೆಂದು ನಾನು ತಿಳಿಯುತ್ತೇನೆ.

ಹಿಂದೆ ಕಣಿವೆಗಳು ಮಾಡಿದ ವಿಭಜನೆಯನ್ನು ಈಗ ನಾವು ಮಾಡುತ್ತಿದ್ದೇವೆ. ಚಹಾ ತೋಟ, ನೀಲಗಿರಿ ಮರ ಮತ್ತು ವ್ಯಾಟಲ್ ಎಂಬ ಹೊರನಾಡಿನ ಅಕೇಶಿಯ ಮರದ ನೆಡುತೋಪುಗಳಿಗಾಗಿ ಬೆಟ್ಟದ ನೆತ್ತಿಯ ಸಹಜ ಪರಿಸರವನ್ನು ಕಡಿದು ತುಂಡರಿಸಲಾಗಿದೆ. ಅಳಿವಿನಂಚಿನಲ್ಲಿರುವ ಈ ಹಕ್ಕಿಗೆ, ಹವೆ ಬಿಸಿಯೇರಿದಂತೆ ಇನ್ನೂ ಮೇಲಕ್ಕೆ ಸರಿಯಲು ಬೆಟ್ಟವೇ ಉಳಿದಿರುವುದಿಲ್ಲ. ಆದ್ದರಿಂದ ದೊಡ್ಡ ಅಭಯಾರಣ್ಯಗಳನ್ನು ಕಾಯುವಷ್ಟೇ ಕಾಳಜಿಯಿಂದ, ನಾಲ್ಕೆಕರೆಯ ತುಣುಕೆಂದು ಕಡೆಗಣಿಸಲಾಗುವ ಶೋಲಾಗಳನ್ನೂ ಅವುಗಳ ಸುತ್ತಲಿನ ಹುಲ್ಲುಗಾವಲಿನೊಂದಿಗೆ ಕಾಯ್ದುಕೊಳ್ಳಬೇಕು.